ಚಳಿಗೆ ಏಳದ, ಬಿಸಿಲಿಗೆ ಏರದ ಜೀಪು

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ತಮ್ಮ ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ದೇವರ ಪಟ ನೋಡುತ್ತಾರೆ, ಇನ್ನು ಕೆಲವು ಪುಣ್ಯವಂತರು ಏನನ್ನೂ ನೋಡದೆ ಮಗ್ಗುಲು ಬದಲಿಸಿ ಮಲಗುತ್ತಾರೆ. ನಾನು ಮಾತ್ರ ಮದುವೆಯಾದ ಮೇಲೆ ಹಲವು ವರ್ಷ ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಳಿ ಎಷ್ಟು ತಣ್ಣಗಿದೆ ಎಂದು ನೋಡುತ್ತಿದ್ದೆ. ಗಾಳಿ ಬೆಚ್ಚಗಿದ್ದರೆ ಆ ದಿನ ಹೊತ್ತಿಗೆ ಸರಿಯಾಗಿ ಶಾಲೆ ಸೇರುತ್ತೇನೆ, ತಣ್ಣಗಿದ್ದರೆ ಪ್ರಾರ್ಥನೆ ಮುಗಿದು ಮಕ್ಕಳೆಲ್ಲ ತರಗತಿಯಲ್ಲಿ ಕೂತ ಮೇಲೆ ಕಳ್ಳಹೆಜ್ಜೆ ಇಟ್ಟುಕೊಂಡು ಒಳಗೆ ಹೋಗುತ್ತೇನೆ ಎಂದು ಅರ್ಥ. ಪಂಚಾಂಗದಲ್ಲಿ ಇದಕ್ಕೆ ಆಧಾರವೇನೂ ಇಲ್ಲ. ಆಧಾರವಿದ್ದದ್ದು ನಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಂತಿರುತ್ತಿದ್ದ ಒಂದು ಹಳೆಯ ಡೀಸೆಲ್ ಜೀಪಿನಲ್ಲಿ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾವಾಗ ಹೊಸದುರ್ಗದಲ್ಲಿದ್ದೆವು. ನಾನು ಹೊಳಲ್ಕೆರೆ ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ನಮ್ಮವರು ನೀರಾವರಿ ಕೆಲಸದ ಇಂಜಿನಿಯರು, ಕಾಲುವೆ ಏರಿಗಳ ಮೇಲೆ ಓಡಾಡುವವರು. ಮನೆಯಲ್ಲಿ ನಮ್ಮತ್ತೆ, ಮತ್ತೆ ನಮ್ಮವರ ತಂಗಿ ಗಿರಿಜ. ಗಿರಿಜ ಊರಿನ ಒಂದು ಪುಟ್ಟ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಇಷ್ಟೇ ಜನ ಸುಖವಾಗಿದ್ದ ಮನೆಗೆ ನಮ್ಮವರು ಹೊಳಲ್ಕೆರೆಯ ಒಬ್ಬ ತೆಂಗಿನಕಾಯಿ ವ್ಯಾಪಾರಿಯಿಂದ ಜೀಪು ಕೊಂಡು ತಂದರು, ಇನ್ನು ನನ್ನನ್ನು ಶಾಲೆಗೆ ಬಿಡುವುದೂ ಅದರಲ್ಲೇ ಎಂದರು. ಕೊಂಡದ್ದು ಒಂದು ಮಾರ್ಚ್ ತಿಂಗಳ ಮಧ್ಯಾಹ್ನ. ಕೀಲಿ ತಿರುಗಿಸಿದ ಕೂಡಲೇ ಅದು ಗುಡುಗಿತಂತೆ. ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡಿ, "ಎಂಥಾ ಇಂಜಿನ್ನು, ಕರೆಂಟ್ ಇದ್ದಂಗೈತೆ" ಎಂದು ಮೆಚ್ಚಿಕೊಂಡು ಬಂದರು. ಹೆಣ್ಣನ್ನು ಸಂಜೆಬೆಳಕಿನಲ್ಲಿ, ಜೀಪನ್ನು ಬಿಸಿಲಿನಲ್ಲಿ ನೋಡಿ ಒಪ್ಪಬಾರದು ಎಂದು ಯಾರಾದರೂ ಅವರಿಗೆ ಹೇಳಬೇಕಿತ್ತು. ಮೊದಲನೆಯದನ್ನೂ ಯಾರೂ ಹೇಳಿದಂತೆ ಕಾಣೆ, ನನ್ನನ್ನು ಅವರು ನೋಡಲು ಬಂದಾಗ ನಮ್ಮೂರಿನಲ್ಲಿ ಕರೆಂಟು ಹೋಗಿತ್ತು.

ಜೀಪಿನ ನಿಜವಾದ ಗುಣ ತಿಳಿದದ್ದು ಕಾರ್ತೀಕ ಕಳೆದು ಚಳಿ ಬಿದ್ದ ಮೇಲೆ. ಕೀಲಿಯನ್ನು ಅರ್ಧ ತಿರುಗಿಸಿ ಹಿಡಿದರೆ ಸ್ಟೀರಿಂಗಿನ ಮುಂದಿನ ಹಲಗೆಯಲ್ಲಿದ್ದ ಒಂದು ಪುಟ್ಟ ತಂತಿಸುರುಳಿ ಕೆಂಪಗಾಗಬೇಕು. ಇಂಜಿನ್ನಿನ ಒಳಗೂ ಅಂಥದೇ ಸುರುಳಿಗಳು ಕಾದಿವೆ ಎಂದು ಅದು ಹೇಳುವ ಸುದ್ದಿ. ಆಮೇಲೆ ಪೂರ್ತಿ ತಿರುಗಿಸಬೇಕು. ನಮ್ಮವರು ತಪಸ್ಸಿಗೆ ಕೂತವರಂತೆ ಕೂತು ಸುರುಳಿಯನ್ನೇ ನೋಡುತ್ತಿದ್ದರು. ಅದು ಕೆಂಪಗಾಗುತ್ತಿತ್ತು. ತಿರುಗಿಸಿದರೆ ಜೀಪು ಮುದುಕರು ಕೆಮ್ಮಿದಂತೆ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಮತ್ತೆ ಮಲಗಿಬಿಡುತ್ತಿತ್ತು. ಎರಡು ಮೂರು ಸಲ ಹೀಗಾದ ಮೇಲೆ ಬ್ಯಾಟರಿಯೂ ಬೇಸರಪಟ್ಟುಕೊಳ್ಳುತ್ತಿತ್ತು. ಆಗ ತಳ್ಳುವ ಕೆಲಸ. ಮೊದಮೊದಲು ಬೆಳಗಿನ ವಾಕಿಂಗಿಗೆ ಹೊರಟ ಹಿರಿಯರೆಲ್ಲ ಸಂತೋಷದಿಂದ ಕೈ ಹಚ್ಚುತ್ತಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಅವರೆಲ್ಲರ ವಾಕಿಂಗು ಹಿಂದಿನ ಬೀದಿಗೆ ಹೋಯಿತು. ಉಳಿದವರು ನಾನು ಮತ್ತು ಗಿರಿಜ. ಸೆರಗು ಸಿಕ್ಕಿಸಿಕೊಂಡು ನಾವಿಬ್ಬರು ಮೇಡಂಗಳು ಜೀಪು ತಳ್ಳುತ್ತಿರುವಾಗ, ನಾನು ಹತ್ತಬಹುದಾಗಿದ್ದ ಬಸ್ಸು ಪಕ್ಕದಲ್ಲೇ ಹೋಗುತ್ತಿತ್ತು. ಅದರ ಕಿಟಕಿಯಿಂದ ನನ್ನ ಶಾಲೆಯ ಮಕ್ಕಳು ಕೈ ಮುಗಿದು, "ನಮಸ್ತೆ ಟೀಚರ್" ಎನ್ನುತ್ತಿದ್ದರು. ಎರಡು ಕೈಯೂ ಜೀಪಿನ ಮೇಲಿದ್ದುದರಿಂದ ನಾನು ತಲೆಯಲ್ಲೇ ನಮಸ್ಕಾರ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ನಮ್ಮತ್ತೆ ಜಗುಲಿಯ ಮೇಲೆ ಕೂತು, "ಅಲ್ಲಪ್ಪ ರುದ್ರೇಶ, ಅದಕ್ಕೆ ಏನಾಗೈತೆ?" ಎಂದು ಕೇಳಿದರು. ನಮ್ಮವರಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಸಾಕು, ಎಷ್ಟು ಅವಸರವಿದ್ದರೂ ಕೂತು ವಿವರಿಸುತ್ತಾರೆ. ಅವರು ಹೇಳಿದರು: "ಪೆಟ್ರೋಲ್ ಗಾಡಿಗಾದ್ರೆ ಕಿಡಿ ಕೊಡೋ ಪ್ಲಗ್ ಇರ್ತೈತವ್ವ. ಡೀಸೆಲ್ಲಿಗೆ ಕಿಡಿ ಇಲ್ಲ. ಅದು ಗಾಳೀನ ಒಳಗೆ ಎಳ್ಕಂಡು ಜೋರಾಗಿ ಅದುಮ್ತೈತೆ. ಅದುಮಿದ ಗಾಳಿ ಕಾಯ್ತೈತೆ. ಕಾದ ಗಾಳಿಗೆ ಡೀಸೆಲ್ ಬಿದ್ರೆ ತಾನೇ ಹತ್ಕಂತೈತೆ. ಸೈಕಲ್ಲಿಗೆ ಗಾಳಿ ಹೊಡಿಯೋವಾಗ ಪಂಪಿನ ಬುಡ ಬಿಸಿ ಆಗಲ್ವಾ, ಹಂಗೆ. ಈಗ ಹೊರಗಿನ ಗಾಳೀನೇ ತಣ್ಣಗೈತೆ, ಇಂಜಿನ್ನಿನ ಮೈಯೂ ತಣ್ಣಗೈತೆ. ಎಷ್ಟು ಅದುಮಿದ್ರೂ ಹತ್ತೋವಷ್ಟು ಕಾಯಲ್ಲ."

ಅತ್ತೆ ಪೂರ್ತಿ ಕೇಳಿ, "ಅಂದ್ರೆ ಅದಕ್ಕೆ ಚಳಿ. ಇಷ್ಟು ಹೇಳಾಕೆ ಅಷ್ಟುದ್ದ ಮಾತಾ?" ಎಂದರು. ರೋಗ ಗೊತ್ತಾದ ಮೇಲೆ ಮದ್ದು ಅವರ ಕೈಯಲ್ಲೇ ಇತ್ತು. ಮರುದಿನದಿಂದ ಬಚ್ಚಲಿನ ಹಂಡೆಗೆ ತೆಂಗಿನ ಮಟ್ಟೆ, ಕರಟ ಹಾಕಿ ಮೊದಲಿಗಿಂತ ಬೇಗ ಒಲೆ ಹಚ್ಚತೊಡಗಿದರು. ನಮ್ಮವರು ರೇಡಿಯೇಟರಿನ ತಣ್ಣೀರು ಬಸಿದು, ಹಂಡೆಯ ಬಿಸಿನೀರನ್ನು ತುಂಬುವರು. ಇಂಜಿನ್ನಿನ ಮೈ ಬೆಚ್ಚಗಾದ ಮೇಲೆ ಅದು ಕೆಮ್ಮದೆ ಏಳುತ್ತಿತ್ತು. ಆದರೆ ನಮ್ಮ ಹಂಡೆ ದೊಡ್ಡದೇನಲ್ಲ. ಮೊದಲ ಪಾಲು ಜೀಪಿಗೆ, ಎರಡನೆಯದು ಹಿರಿಯರಾದ ಅತ್ತೆಗೆ, ಮೂರನೆಯದು ಗಿರಿಜಳಿಗೆ, ಕಡೆಗೆ ತಳದಲ್ಲಿ ಉಳಿದ ಉಗುರುಬೆಚ್ಚನೆಯ ನೀರು ಸೊಸೆಗೆ. ಸೊಸೆ ಎಂದರೆ ಮನೆಗೆ ಕೊನೆಯಲ್ಲಿ ಬಂದವಳು ಎಂದು ಅತ್ತೆಯ ಲೆಕ್ಕ. ಜೀಪು ನನಗಿಂತ ಆಮೇಲೆ ಬಂದದ್ದು ಎಂದು ಒಮ್ಮೆ ನೆನಪಿಸಿದೆ. "ಅದು ವಾಹನ ಕಣಮ್ಮ, ಆಯುಧಪೂಜೇಲಿ ಕುಂಕುಮ ಹಚ್ಚಿಸ್ಕಂತೈತೆ. ನೀನು ಹಚ್ಚಿಸ್ಕಂತೀಯಾ?" ಎಂದರು. ಕುರಿ ಮಂದೆ ಹೊಡೆದುಕೊಂಡು ಬಂದಿದ್ದವರಿಂದ ನನಗೆಂದು ಕೊಂಡಿದ್ದ ಒಳ್ಳೆಯ ಕರಿ ಕಂಬಳಿಯೂ ಆ ಚಳಿಗಾಲದಲ್ಲೇ ಜೀಪಿನ ಬಾನೆಟ್ಟಿನ ಮೇಲೆ ಹೋಗಿ ಮಲಗಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಒಮ್ಮೆ ಎದ್ದಿತೆಂದರೆ ಆ ಜೀಪು ಚಳಿಗಾಳಿಯಲ್ಲಿ ಓಡುತ್ತಿದ್ದ ಚೆಂದವೇ ಬೇರೆ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ಅದರಲ್ಲಿ ಉರಿಯುವುದಕ್ಕೆ ಬೇಕಾದ ಪ್ರಾಣವಾಯು ಹೆಚ್ಚು, ಆದ್ದರಿಂದ ಇಂಜಿನ್ನಿಗೆ ಕಸುವು ಹೆಚ್ಚು ಎಂದು ನಮ್ಮವರು ಹೇಳುತ್ತಿದ್ದರು. ಮಂಜಿನಲ್ಲಿ ತೆಂಗಿನ ತೋಟಗಳ ನಡುವೆ ಹೋಗುವಾಗ ಅದು ಯಾವ ಏರಿಗೂ ಏದುಸಿರು ಬಿಡುತ್ತಿರಲಿಲ್ಲ. ಬೇಸಿಗೆ ಬಂದರೆ ಎಲ್ಲವೂ ತಿರುಗುಮುರುಗು. ಕೀಲಿ ಮುಟ್ಟಿದರೆ ಸಾಕು ಏಳುತ್ತದೆ, ಆದರೆ ಏರು ಬಂದರೆ ಕರಿಹೊಗೆ ಬಿಟ್ಟು ನಿಲ್ಲುತ್ತದೆ. ಇದನ್ನೆಲ್ಲ ಕೇಳಿ ಅತ್ತೆ, "ಹಂಗಾದ್ರೆ ಚಳಿಗಾಲದಾಗೆ ಅದು ನಮ್ಮ ಶಾಂತನಂಗೇ. ಎಬ್ಸಾದು ಕಷ್ಟ, ಎದ್ಮ್ಯಾಲೆ ದುಡೀತೈತೆ" ಎಂದರು. ಅತ್ತೆಯ ಬಾಯಿಂದ ನನಗೆ ಸಿಕ್ಕ ಮೊದಲ ಹೊಗಳಿಕೆ ಇದು. ಮೊದಲರ್ಧವನ್ನು ಬಿಟ್ಟು ಉಳಿದದ್ದನ್ನು ನಾನು ತವರಿಗೆ ಪತ್ರದಲ್ಲಿ ಬರೆದೆ.

ಆ ಯುಗಾದಿ ಕಳೆದ ಮೇಲೆ ಗಿರಿಜಳಿಗೆ ಹಿರಿಯೂರಿನಿಂದ ಒಂದು ಸಂಬಂಧ ಬಂತು. ಹುಡುಗ ಲೋಕೇಶ ಅಲ್ಲಿನ ಕಾಲೇಜೊಂದರ ಆಫೀಸಿನಲ್ಲಿ ಕೆಲಸದಲ್ಲಿದ್ದ. ಗಿರಿಜಳನ್ನು ನೋಡಲು ಅದಕ್ಕೂ ಮೊದಲು ಹಲವರು ಬಂದು ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಹೋಗಿದ್ದರು. ಯಾರೂ ತಿಳಿಸಿರಲಿಲ್ಲ. ಅವಳು ಹೊರಗೆ ನಗುತ್ತಲೇ ಇದ್ದಳು, ಆದರೆ ಪ್ರತಿ ಸಲ ಅವರು ಹೋದ ಮೇಲೆ ಉಟ್ಟಿದ್ದ ರೇಷ್ಮೆ ಸೀರೆ ಮಡಿಸಿಡುವಾಗ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಈ ಸಲ ಕಡ್ಡಿ ಮುರಿದಂತೆ ಹೇಳಿದಳು: "ಅತ್ತಿಗೆ, ಇನ್ನು ನಾನು ತಟ್ಟೆ ಹಿಡ್ಕಂಡು ಯಾರ ಮುಂದೂ ಬರಲ್ಲ." ಕೊನೆಗೆ ಎರಡೂ ಊರಿಗೆ ನಡುವೆ ಇರುವ ಮಾರಿಕಣಿವೆಯಲ್ಲಿ, ಅಣೆಕಟ್ಟಿನ ಹತ್ತಿರದ ದೇವಸ್ಥಾನದಲ್ಲಿ ಎರಡು ಕಡೆಯವರೂ ಸೇರುವುದು, ದೇವರಿಗೆ ಬಂದವರಂತೆ ಬಂದು ನೋಡಿಕೊಳ್ಳುವುದು ಎಂದಾಯಿತು. ಹುಡುಗನ ತಾಯಿ ಹೊತ್ತಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು, ರಾಹುಕಾಲಕ್ಕೆ ಮುಂಚೆ ಬಂದುಬಿಡಿ ಎಂದು ಮಧ್ಯಸ್ಥರು ಎರಡೆರಡು ಸಲ ಹೇಳಿ ಕಳಿಸಿದರು.

ತಂಪು ಹೊತ್ತಿನಲ್ಲೇ ಹೊರಟರೆ ಜೀಪು ಹಾರಿಕೊಂಡು ಹೋಗುತ್ತದೆ ಎಂದು ನಮ್ಮವರು ಹಿಂದಿನ ದಿನವೇ ಸಾರಿದ್ದರು. ಆದರೆ ಇದಕ್ಕೆಂದೇ ಊರಿಂದ ಬಂದಿದ್ದ ನಮ್ಮತ್ತೆಯ ಅಣ್ಣ, ಮನೆತನಕ್ಕೆ ಹಿರಿಯರು, ಪೂಜೆ ಮುಗಿಸದೆ ಹೊಸ್ತಿಲು ದಾಟುವವರಲ್ಲ. ಅವರ ಪೂಜೆ ಮುಗಿದು, ಫಲಾಹಾರವಾಗಿ, ಅವರು, ಅವರ ಹೆಂಡತಿ, ನಾವೆಲ್ಲ, ಹೋಳಿಗೆ ಚಿತ್ರಾನ್ನದ ಡಬ್ಬಿಗಳು, ಬೀಗರಾಗುವವರಿಗೆಂದು ಒಂದು ಮೂಟೆ ತೆಂಗಿನಕಾಯಿ, ಇಷ್ಟನ್ನೂ ತುಂಬಿಕೊಂಡು ಜೀಪು ಹೊರಟಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಗುಡ್ಡಗಳ ನಡುವಿನ ಏರು ಶುರುವಾದ ಕೂಡಲೇ ಜೀಪಿನ ದನಿ ಬದಲಾಯಿತು. ನಮ್ಮವರು ಗೇರು ಇಳಿಸುತ್ತಾ ಹೋದರು. ಇಳಿಸಲು ಗೇರು ಮುಗಿದ ಮೇಲೆ ಜೀಪು ದಟ್ಟವಾಗಿ ಕರಿಹೊಗೆ ಬಿಟ್ಟು, ಒಂದು ಹುಣಸೆ ಮರದ ಹತ್ತಿರ ನಿಂತಿತು. ಎಲ್ಲರೂ ಇಳಿದೆವು. ರೇಡಿಯೇಟರಿನಿಂದ ಆವಿ ಬುಸುಗುಡುತ್ತಿತ್ತು. "ಗಾಳಿ ಕಾದೈತವ್ವ. ಕಾದ ಗಾಳಿ ತೆಳ್ಳಗಿರ್ತೈತೆ, ಇಂಜಿನ್ನಿಗೆ ಉಸಿರು ಸಾಲಲ್ಲ. ಸ್ವಲ್ಪ ತಂಪಾಗ್ಲಿ, ಹೋಗಾಣ" ಎಂದರು ನಮ್ಮವರು.

"ಅದೇ ಗಾಳೀನ ನಾವೂ ಉಸಿರಾಡ್ತಿಲ್ವೇನಪ್ಪ? ನಾವು ನಿಂತೀವಾ?" ಎಂದರು ಅತ್ತೆ. ಆದರೆ ದನಿಯಲ್ಲಿ ಅಳು ಇತ್ತು. ಮೊಬೈಲ್ ಫೋನು ನಮ್ಮ ಕಡೆಗೆ ಇನ್ನೂ ಬಂದಿರದ ಕಾಲ. ದೇವಸ್ಥಾನದಲ್ಲಿ ಕಾದಿರುವವರಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ನೆರಳಿನಲ್ಲಿ ಆಗಲೇ ಒಂದು ಕುರಿಮಂದೆ ಮಲಗಿತ್ತು. ಕುರಿಯವರು ಒಂದಿಷ್ಟು ಕುರಿಗಳನ್ನು ಆಚೆ ಸರಿಸಿ, "ಬರ್ರಿ, ಕುಂತ್ಕಳ್ರಿ" ಎಂದು ಜಾಗ ಮಾಡಿಕೊಟ್ಟರು. ನಾವು ಕೂತು ನಿಟ್ಟುಸಿರು ಬಿಡುವಷ್ಟರಲ್ಲಿ ಒಂದು ಕುರಿ ತಾಂಬೂಲದ ತಟ್ಟೆಯ ವೀಳ್ಯದೆಲೆಯನ್ನೆಲ್ಲ ಮೇದುಬಿಟ್ಟಿತು. ಅತ್ತೆಯ ಅಣ್ಣ ಅದನ್ನು ಅಪಶಕುನವೆಂದರು. ಅವರ ಹೆಂಡತಿ, "ಅದಕ್ಕೂ ಹೊಟ್ಟೆ ಐತಲ್ಲ" ಎಂದರು. ಗಿರಿಜ ಇಬ್ಬರ ಮಾತನ್ನೂ ಕೇಳಿಸಿಕೊಳ್ಳದೆ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಜೀಪಿನ ಹಿಂದಿನಿಂದ ನೀರಿನ ಕ್ಯಾನು ಇಳಿಸುತ್ತಿದ್ದಳು. ಮುಡಿದ ಮಲ್ಲಿಗೆ ಬಾಡಿತ್ತು. ಹಣೆಯ ಕುಂಕುಮ ಬೆವರಿಗೆ ಹರಡಿತ್ತು.

ಅಷ್ಟರಲ್ಲಿ ಎದುರಿನಿಂದ ಒಬ್ಬ ಯುವಕ ಬೈಕಿನಲ್ಲಿ ಬಂದು, ಎತ್ತಿದ ಬಾನೆಟ್ಟು ನೋಡಿ ನಿಲ್ಲಿಸಿದ. "ಏನಾಗೈತ್ರಿ? ಬ್ಯಾಟ್ರಿ ಇರ್ಬೇಕು" ಎಂದು ತೋಳು ಮಡಿಸಿ, ಒಳಗೆ ಕೈ ಹಾಕಿ ಯಾವುದೋ ವೈರು ಎಳೆದು, ಬಿಳಿ ಅಂಗಿಗೆಲ್ಲ ಮಸಿ ಮಾಡಿಕೊಂಡ. ಆಮೇಲೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಗಿರಿಜ ಕ್ಯಾನು ಕೆಳಗಿಟ್ಟು, "ಅದನ್ನ ಮುಟ್ಟಬ್ಯಾಡ್ರಿ. ಈಗ ತೆಗೆದ್ರೆ ಆವಿ ಮುಖಕ್ಕೆ ಹಾರ್ತೈತೆ. ಆರ್ಲಿ ಬಿಡ್ರಿ" ಎಂದಳು, ತರಗತಿಯಲ್ಲಿ ಹೇಳುವ ದನಿಯಲ್ಲಿ. ಅವನು ಕೈ ಹಿಂದೆಗೆದುಕೊಂಡ. ಸ್ವಲ್ಪ ಹೊತ್ತಿನ ಮೇಲೆ, "ನಿಮಗೆ ಗಾಡಿ ರಿಪೇರಿ ಬರ್ತೈತಾ?" ಎಂದು ಕೇಳಿದ. "ರಿಪೇರಿ ಬರಲ್ಲ, ತಳ್ಳಾಕೆ ಬರ್ತೈತೆ" ಎಂದಳು ಗಿರಿಜ. ಅವನು ನಕ್ಕ. ಅವಳೂ ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಮೊದಲು.

ಅತ್ತೆ ಮರದ ಕೆಳಗಿನಿಂದಲೇ, "ಯಾವೂರಪ್ಪ ನಿಂದು?" ಎಂದು ಕೇಳಿದರು. "ಹಿರಿಯೂರ್ರಿ." "ಈ ಬಿಸ್ಲಾಗೆ ಎತ್ಲಾಗೆ ಹೊಂಟಿದ್ದೆ?" ಅವನು ಕೈಯ ಮಸಿಯನ್ನು ಹುಲ್ಲಿಗೆ ಒರೆಸಿಕೊಳ್ಳುತ್ತಾ, ಹೇಳಿಕೊಳ್ಳುವುದಕ್ಕೆ ಯಾರಾದರೂ ಸಿಕ್ಕರೆ ಸಾಕು ಎಂದು ಕಾದಿದ್ದವನಂತೆ ಹೇಳಿದ: "ಹೊಸದುರ್ಗದಿಂದ ಒಂದು ಹೆಣ್ಣಿನ ಕಡೇರು ಬರ್ಬೇಕಿತ್ರಿ ಅಜ್ಜಿ. ಬೆಳಿಗ್ಗೆಯಿಂದ ಕಾದು ಕಾದು ನಮ್ಮವ್ವಂಗೆ ಸಿಟ್ಟು ಬಂದೈತೆ. ಹೊತ್ತಿನ ಬೆಲೆ ಗೊತ್ತಿಲ್ದ ಜನ, ಇಂಥಾ ಮನೆ ಹೆಣ್ಣು ಬ್ಯಾಡ ಅಂತೈತೆ. ಏನಾಗೈತೋ ನೋಡ್ಕಂಡು ಬರಾಣ ಅಂತ ನಾನೇ ಹೊಂಟೆ."

ಒಂದು ಕುರಿ ಸೀನಿತು. ಫೋಟೋಗಳನ್ನು ಎರಡು ಕಡೆಯವರೂ ನೋಡಿದ್ದೆವು, ಆದರೆ ಸ್ಟುಡಿಯೋದವರು ಬಣ್ಣದ ಪರದೆಯ ಮುಂದೆ ನಿಲ್ಲಿಸಿ, ಪೌಡರು ಬಳಿದು ತೆಗೆದ ಫೋಟೋದಲ್ಲಿ ಲೋಕೇಶ ಯಾರೋ ಜಮೀನ್ದಾರನಂತೆಯೂ ಗಿರಿಜ ಕ್ಯಾಲೆಂಡರಿನ ಲಕ್ಷ್ಮಿಯಂತೆಯೂ ಇದ್ದರು. ಈ ಮಸಿ ಹತ್ತಿದವರಿಗೂ ಅವರಿಗೂ ಸಂಬಂಧವೇ ಇರಲಿಲ್ಲ. ನಮ್ಮವರು ಗಂಟಲು ಸರಿಮಾಡಿಕೊಂಡರು, ಕಾದ ಗಾಳಿಯ ವಿಷಯದಿಂದ ಶುರುಮಾಡುತ್ತಾರೆಂದು ನನಗೆ ಗೊತ್ತಾಯಿತು. ಅವರಿಗಿಂತ ಮೊದಲು ಗಿರಿಜ ಅವನನ್ನು ನೇರವಾಗಿ ನೋಡಿ ಹೇಳಿದಳು: "ಆ ಹೆಣ್ಣು ನಾನೇ ಕಣ್ರಿ. ಮೊದ್ಲು ಆ ಗೋಣಿತುಂಡು ಕೊಡ್ರಿ ಇಲ್ಲಿ, ಮುಚ್ಚಳ ಆರೈತೆ, ತೆಗೀಬೇಕು."

ಅವನು ಗೋಣಿತುಂಡು ಕೊಟ್ಟ. ಅವಳು ಮುಚ್ಚಳ ತೆಗೆದಳು. ಅವನು ಕ್ಯಾನು ಎತ್ತಿ ನೀರು ಹೊಯ್ದ. ನೀರು ಮುಗಿದ ಮೇಲೂ ಸ್ವಲ್ಪ ಹೊತ್ತು ಖಾಲಿ ಕ್ಯಾನನ್ನೇ ಹೊಯ್ಯುತ್ತಿದ್ದನೆಂದು ನಾನು ಆಮೇಲೆ ಎಲ್ಲರಿಗೂ ಹೇಳುತ್ತಿದ್ದೆ. ಲೋಕೇಶ ಈಗಲೂ ಅದನ್ನು ಒಪ್ಪುವುದಿಲ್ಲ.

ಅರ್ಧ ಜನ ಮುಂದಿನ ಬಸ್ಸಿಗೆ ಹೋಗಲಿ, ಗಾಡಿ ಹಗುರಾದರೆ ಏರು ಹತ್ತುತ್ತದೆ ಎಂದು ನಮ್ಮವರು ಸಲಹೆ ಕೊಟ್ಟರು. ಅತ್ತೆ ಒಪ್ಪಲಿಲ್ಲ. ಹೋದರೆ ಎಲ್ಲರೂ ಒಟ್ಟಿಗೆ ಹೋಗುವುದು, ಇಲ್ಲವಾದರೆ ಇಲ್ಲ. ಕೊನೆಗೆ ಲೋಕೇಶ ತಾಯಿಗೆ ಸುದ್ದಿ ಹೇಳಲು ಬೈಕಿನಲ್ಲಿ ಮುಂದೆ ಹೋದ. ನಾವು ಕುರಿಗಳ ಜೊತೆ ಕಾದು ಕೂತೆವು. ಇಳಿಹೊತ್ತಿಗೆ ಜಲಾಶಯದ ಕಡೆಯಿಂದ ತಂಗಾಳಿ ಬೀಸಿತು. ನಮ್ಮವರು ಕೀಲಿ ತಿರುಗಿಸಿದರು. ಜೀಪು ಏನೂ ಆಗಿಲ್ಲವೆಂಬಂತೆ ಎಲ್ಲರನ್ನೂ ಹೊತ್ತು ಏರು ಹತ್ತಿತು.

ದೇವಸ್ಥಾನದ ಕಟ್ಟೆಯ ಮೇಲೆ ಲೋಕೇಶನ ತಾಯಿ ಕೂತಿದ್ದರು. ಮುಖದಲ್ಲಿ ರಾಹು, ಗುಳಿಕ ಎರಡೂ ಇದ್ದವು. ನಮ್ಮತ್ತೆ ಕೈ ಮುಗಿದು ನಿಂತರು. ಅಷ್ಟು ಗತ್ತಿನ ಹೆಂಗಸು ಯಾರ ಮುಂದೂ ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಆ ತಾಯಿ ಮೊದಲು ಗಿರಿಜಳ ಸೆರಗಿನ ಮೇಲಿನ ಮಸಿ ನೋಡಿದರು. ಆಮೇಲೆ ತಮ್ಮ ಮಗನ ಅಂಗಿಯ ಮಸಿ ನೋಡಿದರು. ಎರಡನ್ನೂ ಹೋಲಿಸಿದಂತೆ ಇನ್ನೊಮ್ಮೆ ನೋಡಿ, "ನೋಡಾ ಶಾಸ್ತ್ರ ದಾರ್‍ಯಾಗೇ ಆಗಿರಂಗೈತೆ. ಇನ್ನು ನಾನೇನು ನೋಡ್ಲಿ? ಊಟದ ಡಬ್ಬಿ ತೆಗೀರಿ, ಹೊಟ್ಟೆ ಹಸ್ದೈತೆ" ಎಂದರು. ಹೋಳಿಗೆ ಬಿಸಿಲಿಗೆ ತಾನೇ ಬೆಚ್ಚಗಾಗಿತ್ತು. ವೀಳ್ಯದೆಲೆ ಇಲ್ಲದ ತಾಂಬೂಲವನ್ನು ಅಡಿಕೆ, ತೆಂಗಿನಕಾಯಿಯಲ್ಲೇ ಬದಲಿಸಿಕೊಂಡೆವು. ಆ ಮಳೆಗಾಲಕ್ಕೆ ಮುಂಚೆಯೇ ಮದುವೆಯಾಯಿತು. ಬಿಸಿಲಿಗೆ ನಿಂತ ಜೀಪಿಗೆ ಅತ್ತೆ ಅಂದಿನಿಂದ ದೃಷ್ಟಿ ತೆಗೆಯತೊಡಗಿದರು.

ಆದರೂ ನನ್ನ ಹಟ ಬೇರೆ. ಮದುವೆ ಮಾಡಿಸಿದ್ದು ನಿಜ, ನನ್ನ ಹಾಜರಿಗೆ ಅದರಿಂದ ಏನೂ ಉಪಕಾರವಾಗಲಿಲ್ಲ. ಜೀಪು ಮಾರಿ ಎಂದು ಪ್ರತಿ ಚಳಿಗಾಲದಲ್ಲೂ ಹೇಳಿದೆ, ಪ್ರತಿ ಬೇಸಿಗೆಯಲ್ಲೂ ಹೇಳಿದೆ. ಹೊಸ ಶತಮಾನ ಬಂದು ಒಂದಿಷ್ಟು ವರ್ಷವಾದ ಮೇಲೆ ನಮ್ಮವರಿಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಬಾಡಿಗೆ ಮನೆಯ ಬೀದಿ ಕಿರಿದು, ಜೀಪು ನಿಲ್ಲಿಸಿದರೆ ಹಾಲಿನವರ ಸೈಕಲ್ಲೂ ಹೋಗದು. ಅಂತೂ ಮಾರುವುದೆಂದು ಅವರು ಒಪ್ಪಿದರು. ಒಂದು ಚಳಿಯ ಬೆಳಿಗ್ಗೆ ಹಿರಿಯೂರು ಕಡೆಯ ತೋಟದವರೊಬ್ಬರು ನೋಡಲು ಬಂದರು. ನಾನು ಕಾಫಿ ಕೊಟ್ಟು ಬಾಗಿಲಲ್ಲಿ ನಿಂತೆ. ನಮ್ಮವರು ಶುರುಮಾಡಿದರು: "ಚಳಿಗೆ ಏಳಲ್ರಿ ಇದು. ಬಿಸ್ಲಿಗೆ ಏರು ಹತ್ತಲ್ಲ. ಹೊಗೆ ಬಾಳ. ಸಾಮಾನು ಸಿಗಾದು ಕಷ್ಟ." ಬಂದವರು ತಲೆ ಕೆರೆದುಕೊಂಡರು.

ನನಗೆ ಎಲ್ಲಿತ್ತೋ ಸಿಟ್ಟು. ನಮ್ಮ ಮನೆಯ ಜೀಪನ್ನು ಬೈಯಲು ನನಗೆ ಹಕ್ಕಿದೆ, ಆದರೆ ಪರವೂರಿನವರ ಮುಂದೆ ಹೀಗೆ ಮರ್ಯಾದೆ ಕಳೆಯುವುದೇ? ಕನ್ನಡ ಮೇಡಂ ನಾನು, ಬಾಯಿಗೆ ಅಭ್ಯಾಸವೂ ಇತ್ತು. "ಏಳಲ್ಲ ಅಂದ್ರೇನು, ಬಿಸಿನೀರು ಹಾಕಿದ್ರೆ ಮಗು ಎದ್ದಂಗೆ ಏಳ್ತದೆ. ಎದ್ದ ಮೇಲೆ ತಣ್ಣನೆ ಗಾಳಿ ದಟ್ಟ ಇರ್ತದಲ್ಲ, ಯಾವ ಹೊಸ ಗಾಡಿನೂ ಇದರ ಹಿಂದೆ ಬರಲ್ಲ. ಬಿಸಿಲಲ್ಲಿ ನಿಲ್ಲೋದು ಅದರ ತಪ್ಪಲ್ಲ, ಗಾಳಿ ತೆಳ್ಳಗಾದ್ರೆ ಯಾವ ಡೀಸೆಲ್ ಇಂಜಿನ್ನಿಗೂ ಉಸಿರು ಸಾಲಲ್ಲ. ಹೊರೆ ಕಡಿಮೆ ಮಾಡಿ, ತಂಪು ಹೊತ್ತಿನಲ್ಲಿ ಹೊರಡಿ" ಎಂದೆ. ಅಷ್ಟು ವರ್ಷ ಜಗುಲಿಯಲ್ಲಿ ನಿಂತು ಕೇಳಿದ ಪಾಠವೆಲ್ಲ ಒಂದೇ ಉಸಿರಿಗೆ ಹೊರಗೆ ಬಂತು. ನಡುವೆ ನಮ್ಮವರು ಎರಡು ಸಲ ಕೆಮ್ಮಿದರು. ಚಳಿಗೆ ಎಂದುಕೊಂಡೆ. ಗಿರಿಜಳ ಮದುವೆಯ ಕಥೆಯನ್ನೂ ಸೇರಿಸಿ ಮುಗಿಸಿದೆ.

ಬಂದವರು ಕಾಫಿ ಲೋಟ ಕೆಳಗಿಟ್ಟು, "ಮೇಡಮ್ಮೋರು ಇಷ್ಟು ಹೇಳಿದ ಮ್ಯಾಲೆ ನಾನು ಬಿಡಾಕಾಗಲ್ರಿ" ಎಂದು ಎದ್ದರು. ಬಿಸಿನೀರು ತರಿಸಿ ಹಾಕಿಸಿದರು. ಜೀಪು ಮೊದಲ ತಿರುವಿಗೇ ಎದ್ದಿತು. ಬೀದಿಯ ಇಳಿಜಾರಿನಲ್ಲಿ ಅದು ಮರೆಯಾಗುವವರೆಗೆ ನಾವಿಬ್ಬರೂ ನಿಂತಿದ್ದೆವು. ಆಮೇಲೆ ನಮ್ಮವರು ಮೆಲ್ಲಗೆ, "ನಾನ್ಯಾಕೆ ಅಷ್ಟೊಂದು ಹುಳುಕು ಹೇಳ್ತಿದ್ದೆ ಅಂತ ನಿನಗೆ ಹೊಳೀಲಿಲ್ವಾ ಶಾಂತಾ? ಅವ್ರು ಬ್ಯಾಡ ಅಂದು ಹೋಗ್ಲಿ ಅಂತ" ಎಂದರು. "ನನಗೆ ಒಂದು ಮಾತು ಹೇಳಬಾರದಿತ್ತಾ? ನನಗೂ ಯಾಕೋ ಕೊಡೋಕೆ ಮನಸ್ಸಿರಲಿಲ್ಲ" ಎಂದೆ. "ಇಷ್ಟು ವರ್ಷ ಮಾರ್ರಿ ಮಾರ್ರಿ ಅಂತಿದ್ದೋಳಿಗೆ ಏನಂತ ಹೇಳ್ಲಿ?" ಎಂದು ಅವರು ಒಳಗೆ ಹೋದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಂದಿದೆ. ಹಳೆಯ ಸಾಮಾನು ಏನಾದರೂ ಮಾರಲೇಬೇಕೆಂದಿದ್ದರೆ ಕೊಳ್ಳುವವರ ಮುಂದೆ ನನಗೆ ಕುರ್ಚಿ ಹಾಕುತ್ತಾರೆ. ಉಳಿಸಿಕೊಳ್ಳಬೇಕೆಂದಿದ್ದರೆ, ಅವರು ಬರುವ ಹೊತ್ತಿಗೆ ಸರಿಯಾಗಿ ಚೀಲ ಕೈಗೆ ಕೊಟ್ಟು ನನ್ನನ್ನು ಕೊತ್ತಂಬರಿ ಸೊಪ್ಪಿಗೆ ಕಳಿಸುತ್ತಾರೆ.